ಹಮೀದಾಬಿ ಮತ್ತು ಮೂರು ತಂತಿಯ ಫ್ಯಾನು

ಯರಗಟ್ಟಿಯ ಬಸ್ ನಿಲ್ದಾಣದಿಂದ ಬೆಳಗಾವಿ ರಸ್ತೆ ಹಿಡಿದು ಇನ್ನೂರು ಹೆಜ್ಜೆ ನಡೆದರೆ ಎಡಗಡೆ ‘ನಜೀರ ಮೋಟರ್ ವೈಂಡಿಂಗ್’ ಎಂಬ ಬೋರ್ಡು ಇದೆ. ಬೋರ್ಡಿನಲ್ಲಿ ಹೆಸರಿರುವ ನಜೀರಸಾಬರು ಹೊಲಗಳಿಗೆ ಹೋಗಿ ಸುಟ್ಟ ಪಂಪುಗಳ ಮೋಟರು ಬಿಚ್ಚಿ ತರುತ್ತಾರೆ, ರಿಪೇರಿಯಾದ ಮೇಲೆ ಮತ್ತೆ ಒಯ್ದು ಕೂಡಿಸುತ್ತಾರೆ. ನಡುವಿನ ಕೆಲಸವೆಲ್ಲ ಅವರ ಹೆಂಡತಿ ಹಮೀದಾಬಿಯವರದು. ಸುಟ್ಟ ತಾಮ್ರದ ತಂತಿಯನ್ನು ಕಿತ್ತು, ಹಳೆಯ ಸುತ್ತುಗಳನ್ನು ಎಣಿಸಿ, ಅಷ್ಟೇ ಸುತ್ತು ಹೊಸ ತಂತಿ ಸುತ್ತಿ, ಮೋಟರು ತಿರುಗಿಸಿ ನೋಡುವವರೆಗಿನ ಕೆಲಸ. ಮೂವತ್ತೊಂದು ವರ್ಷದಿಂದ ಇದು ಹೀಗೆಯೇ ನಡೆದಿದೆ.

ಹಮೀದಾಬಿಯವರಿಗೆ ಈಗ ಐವತ್ತಮೂರು. ತವರು ರಾಮದುರ್ಗ. ಮನೆಯಲ್ಲಿ ಎರಡು ಮಗ್ಗಗಳಿದ್ದವು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಮದುವೆಯಾಗುವವರೆಗೆ ಅವರು ಲಾಳಿಗೆ ನೂಲಿನ ಕಂಡಿಕೆ ಸುತ್ತಿದರು. ಯರಗಟ್ಟಿಗೆ ಬಂದ ಮೊದಲ ವಾರ, ಗಂಡ ಮೋಟರಿಗೆ ತಂತಿ ಸುತ್ತುವುದನ್ನು ನೋಡಿ, “ಇಷ್ಟ ಸಡಿಲ ಸುತ್ತಿದ್ರ ನಮ್ಮ ಅಬ್ಬಾ ಕೈಮ್ಯಾಲ ಹೊಡೀತಿದ್ದ” ಅಂದರಂತೆ. ನಜೀರಸಾಬರು ಇದನ್ನು ಇಂದಿಗೂ ಗಿರಾಕಿಗಳಿಗೆ ಹೇಳುತ್ತಾರೆ. “ಅವತ್ತ ನನ್ನ ಕೈಯಾಗಿನ ತಂತಿ ಕಸಗೊಂಡಾಳ ನೋಡ್ರಿ, ಇನ್ನೂ ಹೊಳ್ಳಿ ಕೊಟ್ಟಿಲ್ಲ.”

ಮೋಟರು ಸುಟ್ಟಿದೆ ಎಂದು ರೈತರೇ ಹೇಳಿದರೂ ಹಮೀದಾಬಿ ಹಾಗೆ ಹೇಳುವುದಿಲ್ಲ. ಮೊದಲು ಕರೆಂಟು ಅಳೆಯುವ ಮೀಟರಿನ ಎರಡು ಮುಳ್ಳು ಹಚ್ಚಿ ನೋಡುತ್ತಾರೆ. ಮೂರರಲ್ಲಿ ಒಂದು ಮೋಟರು ಸುಟ್ಟಿರುವುದೇ ಇಲ್ಲ, ಬರೀ ಜೋಡಣೆ ಕಿತ್ತಿರುತ್ತದೆ ಎಂಬುದು ಅವರ ಲೆಕ್ಕ. ಅಂಥವನ್ನು ಐದು ನಿಮಿಷದಲ್ಲಿ ಸರಿಮಾಡಿ ಕಳಿಸುತ್ತಾರೆ.

ಇಂಥವರು ಒಮ್ಮೆ ಮೀಟರು ಹಚ್ಚದೆ ಕೆಲಸ ಮಾಡಿದರು. ಅದು ನಡೆದದ್ದು ನಮ್ಮ ಊರಲ್ಲಿ, ನನ್ನ ಕಣ್ಣೆದುರಿಗೆ, ನನ್ನ ಒಪ್ಪಿಗೆಯಿಂದ.

ನಮ್ಮ ಊರು ಸಣ್ಣಮಡ್ಡಿ. ಯರಗಟ್ಟಿಯಿಂದ ಸವದತ್ತಿ ಕಡೆಗೆ ಆರು ಕಿಲೋಮೀಟರು. ಇಲ್ಲಿಯ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ನಾನು ಕಾರ್ಯದರ್ಶಿ. ನೂರ ಹದಿನೆಂಟು ಸದಸ್ಯೆಯರು ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಐದೂವರೆಗೆ ಹಾಲು ತರುತ್ತಾರೆ. ತೂಕದ ಕಾಟಾ ಮತ್ತು ಫ್ಯಾಟು ನೋಡುವ ಯಂತ್ರ, ಎರಡೂ ಒಂದು ಕಂಪ್ಯೂಟರಿಗೆ ಜೋಡಿಸಿವೆ. ಹಾಲು ಸುರಿದ ಕೂಡಲೇ ಕಂಪ್ಯೂಟರು ಹೆಸರು, ತೂಕ, ಫ್ಯಾಟು ಅಚ್ಚು ಹಾಕಿ ಚೀಟಿ ಕೊಡುತ್ತದೆ. ಅದು ನಿಂತರೆ ಎಲ್ಲವೂ ನಿಲ್ಲುತ್ತದೆ.

ಕಳೆದ ಏಪ್ರಿಲಿನಲ್ಲಿ ಅದು ನಿಲ್ಲತೊಡಗಿತು. ಚಾಲೂ ಮಾಡಿದ ನಲವತ್ತೊಂದು ನಿಮಿಷಕ್ಕೆ ಒಂದು ದಿನ, ಮೂವತ್ತೆಂಟಕ್ಕೆ ಇನ್ನೊಂದು ದಿನ, ಸದ್ದಿಲ್ಲದೆ ಆರಿಹೋಗುತ್ತಿತ್ತು. ಹತ್ತು ಹದಿನೈದು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಹೊತ್ತುತ್ತಿತ್ತು. ತಗಡಿನ ಮಾಡಿನ ಕೆಳಗೆ ಹೆಂಗಸರು ಕ್ಯಾನು ಹಿಡಿದು ನಿಲ್ಲಬೇಕು, ರಸ್ತೆಯಲ್ಲಿ ಟ್ಯಾಂಕರಿನವನು ಹಾರ್ನು ಹೊಡೆಯುತ್ತಿರಬೇಕು. ಎರಡು ವಾರದಲ್ಲಿ ಮೂರು ಸಲ ಟ್ಯಾಂಕರು ನಮ್ಮ ಹಾಲು ತುಂಬಿಕೊಳ್ಳದೆ ಹೋಯಿತು. ಮೂರು ಸಲವೂ ಹಾಲು ಒಡೆಯಿತು. ಸವದತ್ತಿಯ ಒಬ್ಬ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದೆ. ತಂದು ಕೊಟ್ಟರೆ ನೋಡುತ್ತೇನೆ, ಹತ್ತು ದಿನ ಬೇಕು ಅಂದ.

ಸೋಮವಾರ, ನಮ್ಮ ಹಾಲು ಕೊಳ್ಳುವ ಒಕ್ಕೂಟದ ವಿಸ್ತರಣಾಧಿಕಾರಿ ಸಮೀರ ಬಂದರು. ಕಿತ್ತೂರಿನವರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಒರಟು ಮಾತು ಆಡಿದವರಲ್ಲ. ಕೈಯಲ್ಲಿ ಪತ್ರವಿತ್ತು.

“ಮಂಜುಳಾ ಅವರ, ಇದು ನನ್ನ ಕೈಯಾಗಿನ ಮಾತಲ್ಲ. ಗುರುವಾರ ಸಂಜಿಕ್ಕ ನಾನ ಬಂದು ಕೂಡತೇನಿ. ಮೊದಲನೇ ಕ್ಯಾನಿನಿಂದ ಕಡೀ ಕ್ಯಾನಿನ ತನಕ ಮಿಶನ್ ನಿಲ್ಲದ ನಡದರ ಸೆಂಟರ್ ಉಳೀತದ. ನಿಂತರ ಒಂದನೇ ತಾರೀಖಿನಿಂದ ನಿಮ್ಮ ಹಾಲು ದೊಡ್ಡಮಡ್ಡಿ ಸಂಘಕ್ಕ.”

ದೊಡ್ಡಮಡ್ಡಿ ಮೂರೂವರೆ ಕಿಲೋಮೀಟರು. ಗಾಡಿ ಇದ್ದವರು ಹೋದಾರು. ಸಾಲಿನಲ್ಲಿ ನಿಂತಿದ್ದ ಕಾಡವ್ವನಿಗೆ ಅರವತ್ತಾರು ವರ್ಷ, ಮೊಣಕಾಲು ಮಡಚುವುದಿಲ್ಲ, ಮನೆಯಲ್ಲಿ ಎರಡು ಎಮ್ಮೆ. ಆಕೆ ಪತ್ರದ ಕಡೆ ನೋಡಲೇ ಇಲ್ಲ.

“ಸಾಹೇಬ್ರ, ದಿನಾ ಎರಡ ಹೊತ್ತ ದೊಡ್ಡಮಡ್ಡಿಗೆ ನಡದ ಹೋಗು ಅಂದ್ರ ಎಮ್ಮಿ ಮ್ಯಾಲ ಕುಂತ ಹೋಗಬೇಕ ನಾ. ಎಮ್ಮಿ ಒಪ್ಪಿದ್ರ ಹೋಗತೇನಿ. ಇಲ್ಲಾಂದ್ರ ಮಾರತೇನಿ.”

ನಕ್ಕವರು ಒಂದಿಬ್ಬರು. ಉಳಿದವರು ಮನಸ್ಸಿನಲ್ಲಿಯೇ ಎಮ್ಮೆ ಮಾರುವ ಮಾತು ತಿರುವಿ ಹಾಕುತ್ತಿದ್ದರು. ಒಬ್ಬೊಬ್ಬರ ಮುಖ ನೋಡಿ ನಾನು ಲೆಕ್ಕ ಹಾಕಿದೆ: ಅರವತ್ತು ಜನ ಹೋಗಲಾರರು.

ಮಂಗಳವಾರ ಬೆಳಿಗ್ಗೆ ಹಮೀದಾಬಿ ಸಂಘಕ್ಕೆ ಬಂದದ್ದು ಕಂಪ್ಯೂಟರಿಗಾಗಿ ಅಲ್ಲ. ಕ್ಯಾನು ತೊಳೆಯುವ ನೀರಿನ ಮೋಟರು ಸುಟ್ಟು ಅವರ ಅಂಗಡಿಗೆ ಹೋಗಿತ್ತು. ನಜೀರಸಾಬರಿಗೆ ಸೊಂಟ ಹಿಡಿದಿದ್ದರಿಂದ ಅದನ್ನು ಕೂಡಿಸಲು ಇಬ್ಬರೂ ಬಂದಿದ್ದರು. ಜೋಡಿಸಿ ಒತ್ತಿದರೆ ಮೋಟರು ತಿರುಗಿತು, ನೀರು ಬರಲಿಲ್ಲ.

“ಉಲ್ಟಾ ಐತಿ” ಎಂದು ಹಮೀದಾಬಿ ಕರೆಂಟು ಬಂದ್ ಮಾಡಿ, ಮೂರು ತಂತಿಗಳಲ್ಲಿ ಎರಡನ್ನು ಅದಲು ಬದಲು ಮಾಡಿದರು. ಮತ್ತೆ ಒತ್ತಿದಾಗ ನೀರು ಬಂತು. ಮೂರು ಫೇಸಿನ ಮೋಟರಿಗೆ ಇದು ನೂರಕ್ಕೆ ನೂರು ಸರಿಯಾದ ಉಪಾಯ. ಯಾವ ಎರಡು ತಂತಿ ಬದಲಿಸಿದರೂ ಅದು ತಿರುಗುವ ದಿಕ್ಕು ಬದಲಾಗುತ್ತದೆ. ನಮ್ಮ ಕಡೆ ಬೋರ್‌ವೆಲ್ ಇದ್ದ ಪ್ರತಿ ಮನೆಯಲ್ಲೂ ಇದು ಗೊತ್ತು.

ಅಷ್ಟರಲ್ಲಿ ಒಳಗೆ ಕಂಪ್ಯೂಟರು ಆರಿತು. ಹೆಂಗಸರ ಗದ್ದಲ ಕೇಳಿ ಹಮೀದಾಬಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು.

“ಯಾಕ ನಿಂತಿತು, ಮಂಜುಳಾ?”

“ಕಾಯ್ತೈತಿ ಅನಸ್ತೈತಿ, ಚಾಚಿ. ಹಿಂದಿನ ಮಗ್ಗಲ ಮುಟ್ಟಿ ನೋಡ್ರಿ.”

ಅವರು ಹಿಂಬದಿಗೆ ಅಂಗೈ ಇಟ್ಟು ತೆಗೆದರು. “ಕಾಯೂದಂದ್ರ ಇದರಾಗ ಫ್ಯಾನ್ ಇರಬೇಕಲ್ಲ? ಇದ್ದರ ಅದು ಮೋಟರ. ಮೋಟರ ಆದ್ರ ನೋಡೂಣು ತಡಿ.”

ಹಾಲು ಮುಗಿದ ಮೇಲೆ ಪಕ್ಕದ ತಗಡು ಬಿಚ್ಚಿದೆವು. ಆರು ವರ್ಷದಲ್ಲಿ ಯಾರೂ ಬಿಚ್ಚಿರಲಿಲ್ಲ. ಅದೇ ಕೋಣೆಯಲ್ಲಿ ನಾವು ಪಶು ಆಹಾರದ ಚೀಲಗಳನ್ನೂ ಇಡುತ್ತೇವೆ. ಬೂಸಾದ ಹುಡಿ ಒಳಗೆ ಬೆರಳು ದಪ್ಪ ಕೂತಿತ್ತು. ಹಿಂಬದಿಯ ಫ್ಯಾನು, ಅಂಗೈಗಿಂತ ಸ್ವಲ್ಪ ದೊಡ್ಡದು, ಆ ಹುಡಿಯಲ್ಲಿ ಎಳೆಯುತ್ತ ಎಳೆಯುತ್ತ ತಿರುಗುತ್ತಿತ್ತು. ಹಮೀದಾಬಿ ಬ್ರಶ್ಶಿನಿಂದ ಉಜ್ಜಿದರು, ಸೈಕಲ್ ಪಂಪಿನಿಂದ ಊದಿದರು, ಫ್ಯಾನಿನ ನಡುವೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರು. ಚಾಲೂ ಮಾಡಿದಾಗ ಅದು ಗುಯ್‌ಗುಟ್ಟುತ್ತ ಓಡಿತು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು.

ಅವರು ಫ್ಯಾನಿನ ಹಿಂದೆ ಕೈ ಹಿಡಿದರು. ಗಾಳಿ ಹೊರಗೆ ಬರುತ್ತಿತ್ತು.

“ಇದೇನಿದು? ಪಂಪಿನ ಮೋಟರಿಗೆ ಬಾಲದಾಗ ಫ್ಯಾನ್ ಇರತೈತಿ. ಅದು ಮೋಟರಿನ ಮೈಮ್ಯಾಲ ಗಾಳಿ ಹೊಡೀತೈತಿ. ಇದು ಕಾಯೂದು ಒಳಗ, ಗಾಳಿ ಹೊಡಿಯೂದು ಹೊರಗ. ಉಲ್ಟಾ ತಿರಗಾಕತ್ತೈತಿ.” ಬಗ್ಗಿ ನೋಡಿದರು. “ಹಾಂ. ಮೂರ ತಂತಿ ಐತಿ.”

ಕಪ್ಪು, ಕೆಂಪು, ಹಳದಿ. ಕಂಪ್ಯೂಟರಿನ ಮುಖ್ಯ ಹಲಗೆಯ, ಅಂದರೆ ಮದರ್‌ಬೋರ್ಡಿನ, ಮೇಲಿನ ಮೂರು ಸಣ್ಣ ಲೋಹದ ಕಡ್ಡಿಗಳಿಗೆ ಒಂದು ಬಿಳಿ ಟೋಪಿಯಂಥ ಪ್ಲಗ್ಗಿನಿಂದ ಜೋಡಿಸಿದ್ದವು. ಹಮೀದಾಬಿ ನನ್ನ ಮುಖ ನೋಡಿದರು. ಬೈಲಹೊಂಗಲದ ಕಾಲೇಜಿನಲ್ಲಿ ಬಿಎಸ್ಸಿ ಓದಿದ ನಾನು, ಈಗಷ್ಟೇ ನೀರಿನ ಮೋಟರು ದಿಕ್ಕು ಬದಲಿಸಿದ್ದನ್ನು ಕಂಡ ನಾನು, ಹೌದೆಂದು ತಲೆಯಾಡಿಸಿದೆ.

ಅವರು ಸೂಜಿಯಿಂದ ಪ್ಲಗ್ಗಿನ ಒಳಗಿನ ಕೊಂಡಿ ಎತ್ತಿ, ಕಪ್ಪು ಮತ್ತು ಕೆಂಪು ತಂತಿಗಳ ಜಾಗ ಬದಲಿಸಿದರು. ಗುಂಡಿ ಒತ್ತಿದೆ. ಚಿಟ್ ಅಂತ ಸಣ್ಣ ಸದ್ದು. ಸುಟ್ಟ ವಾಸನೆ, ಊದುಬತ್ತಿ ಆರಿಸಿದಷ್ಟು. ಫ್ಯಾನು ನಿಂತಲ್ಲೇ ನಿಂತಿತ್ತು. ಹಮೀದಾಬಿ ಕರೆಂಟು ತೆಗೆದು ತಂತಿಗಳನ್ನು ಮೊದಲಿನಂತೆ ಕೂಡಿಸಿದರು. ಒತ್ತಿದೆವು. ತಿರುಗಲಿಲ್ಲ.

ಅವರು ಸೂಜಿಯನ್ನು ಕೆಳಗಿಟ್ಟರು. ಆಮೇಲೆ ಬಾಗಿಲಲ್ಲಿ ಕೂತಿದ್ದ ಗಂಡನಿಗೂ ಕೇಳುವಂತೆ ಹೇಳಿದರು. “ಮಂಜುಳಾ, ನಡಿಯೂದನ್ನ ನಾ ನಿಲ್ಲಿಸಿದೆ. ಮೀಟರ್ ಹಚ್ಚಲಿಲ್ಲ. ನಾಳೆ ಹತ್ತಕ್ಕ ಬರತೇನಿ. ಗುರುವಾರ ಸಂಜಿ ತನಕ ಇದು ನನ್ನ ಕೆಲಸ.”

ಆ ಸಂಜೆ ಕಂಪ್ಯೂಟರು ಹದಿನೇಳು ನಿಮಿಷಕ್ಕೆ ಆರಿತು. ತಗಡು ತೆಗೆದಿಟ್ಟು ಮೇಜಿನ ಫ್ಯಾನು ಹಚ್ಚಿದೆ. ಆರು ಗಂಟೆಗೆ ಕರೆಂಟು ಹೋಯಿತು. ನಮ್ಮ ಯುಪಿಎಸ್ ಕಂಪ್ಯೂಟರು, ಕಾಟಾ ಮತ್ತು ಫ್ಯಾಟಿನ ಯಂತ್ರ ಇವಿಷ್ಟನ್ನೇ ಎಳೆಯುತ್ತದೆ, ಮೇಜಿನ ಫ್ಯಾನು ಅದರಿಂದಾಗದು. ಒಟ್ಟು ಐದು ಸಲ ನಿಂತು ಹಾಲು ಮುಗಿಯಿತು. ಬುಧವಾರ ಬೆಳಿಗ್ಗೆಯೂ ಅಷ್ಟೇ. ಹತ್ತಕ್ಕೆ ಹಮೀದಾಬಿ ಬಂದಾಗ ಕಾಡವ್ವ ಖಾಲಿ ಕ್ಯಾನಿನ ಮೇಲೆ ಕೂತು ಕಾದಿದ್ದಳು.

“ಏ ಹಮೀದಾ, ಮೊದಲ ನಲವತ್ತ ನಿಮಿಷರ ಓಡ್ತಿತ್ತು. ನೀ ಕೈ ಹಚ್ಚಿ ಹದಿನೇಳಕ್ಕ ತಂದಿ. ಇವತ್ತ ಮತ್ತ ಹಚ್ಚಿದೆಂದ್ರ ಗುಂಡಿ ಒತ್ತೂದಕಿಂತ ಮೊದಲ ನಿಂತೀತ ಅದು.”

“ನಿಂತ್ರ ನಿಮ್ಮ ಹಾಲ ನಾನ ಹೊತ್ಕೊಂಡ ದೊಡ್ಡಮಡ್ಡಿಗೆ ಹೋಗತೇನಿ, ಕಾಡವ್ವಕ್ಕ. ಸರೀರಿ, ಬೆಳಕ ಬಿಡ್ರಿ.”

“ನೀ ಏನ ಹೊರತೀ? ನಿನ್ನ ಮೊಣಕಾಲೂ ನನ್ನಂಥಾವ ಅದಾವ” ಎನ್ನುತ್ತ ಕಾಡವ್ವ ಸರಿದು ಕೂತಳು. ಎದ್ದು ಹೋಗಲಿಲ್ಲ.

ಹಮೀದಾಬಿ ಅಂದು ಕೆಲಸ ಮಾಡಿದ ರೀತಿಯನ್ನು ಆದಷ್ಟು ಕ್ರಮವಾಗಿ ಬರೆಯುತ್ತೇನೆ. ಅವರು ಹಲಗೆಯನ್ನೂ ಮುಟ್ಟಲಿಲ್ಲ, ಫ್ಯಾನನ್ನೂ ಮುಟ್ಟಲಿಲ್ಲ. ಮೊದಲು ನೆಲದ ಮೇಲೆ ಕೂತು ಮಾತಿನಲ್ಲಿಯೇ ಬಿಡಿಸಿದರು. “ಅನುಮಾನ ಎರಡ ಕಡೆ ಐತಿ. ಫ್ಯಾನ್ ಸತ್ತಿರಬೇಕು, ಇಲ್ಲಾ ಕರೆಂಟ್ ಕೊಡೂ ಕಡ್ಡಿ ಸತ್ತಿರಬೇಕು. ಎರಡನ್ನೂ ಕೂಡೇ ನೋಡಿದ್ರ ಒಂದೂ ತಿಳಿಯೂದಿಲ್ಲ.”

ಫ್ಯಾನಿನ ಹಣೆಯ ಮೇಲೆ ಹನ್ನೆರಡು ವೋಲ್ಟು ಎಂದು ಬರೆದಿತ್ತು. ಹನ್ನೆರಡು ವೋಲ್ಟು ನಜೀರಸಾಬರ ಮೋಟರ್‌ಸೈಕಲ್ಲಿನಲ್ಲಿ ಇತ್ತು.

“ನನ್ನ ಗಾಡಿ ಬ್ಯಾಟರಿ ಬ್ಯಾಡ” ಅಂದರು ನಜೀರಸಾಬರು. “ನಿನ್ನೆ ಡೇರಿಯವರ ಕಂಪ್ಯೂಟರ್ ಕೆಡಿಸಿದಿ. ಇವತ್ತ ಗಾಡಿನೂ ಕೆಡಿಸಿದ್ರ ಯರಗಟ್ಟಿಗೆ ನಡಕೊಂತ ಹೋಗಬೇಕಾಗತೈತಿ.”

“ನಡೀರಿ. ಸೊಂಟಕ್ಕ ಚಲೋ.”

ಬ್ಯಾಟರಿ ಬಂತು. ಕಪ್ಪು ತಂತಿ ಮೈನಸ್ಸಿಗೆ, ಕೆಂಪು ಪ್ಲಸ್ಸಿಗೆ. ಫ್ಯಾನು ಓಡಿತು. ಅಂದರೆ ಫ್ಯಾನು ಬದುಕಿತ್ತು. ನಾನು ಹಿಗ್ಗಿದೆ, ಅವರು ಹಿಗ್ಗಲಿಲ್ಲ. ಹಳದಿ ತಂತಿ ಯಾವುದಕ್ಕೂ ಹತ್ತದೆ ಗಾಳಿಯಲ್ಲಿ ತೂಗಾಡುತ್ತಿತ್ತು. ಅದನ್ನೇ ನೋಡುತ್ತಿದ್ದರು.

“ಎರಡ ತಂತಿಗೆ ಓಡಾಕತ್ತೈತಿ. ಹಂಗಾದ್ರ ಇದು ಮೂರ ಫೇಸ್ ಅಲ್ಲ. ಮೂರನೇದು ಯಾಕ ಇಟ್ಟಾರ?”

ನನಗೂ ಗೊತ್ತಿರಲಿಲ್ಲ. “ಇರಲಿ, ಆಮ್ಯಾಲ” ಎಂದು ಅವರು ಕಂಪ್ಯೂಟರು ಹೊತ್ತಿಸಿ, ಹಲಗೆಯ ಕಡ್ಡಿಗಳಿಗೆ ಮೀಟರು ಹಚ್ಚಿದರು. ಮೊದಲನೆಯದಕ್ಕೂ ನಡುವಿನದಕ್ಕೂ ಮಧ್ಯೆ ಹನ್ನೆರಡು ತೋರಿಸಬೇಕಿತ್ತು, ಸೊನ್ನೆ ತೋರಿಸಿತು. ನಿನ್ನೆಯ ಚಿಟ್ ಸದ್ದು ಇದರದೇ. ಕರೆಂಟು ಕೊಡುವ ನಡುವಿನ ಕಡ್ಡಿ ಸತ್ತಿತ್ತು, ಅದನ್ನು ನಾವು ಬದುಕಿಸುವಂತಿರಲಿಲ್ಲ.

“ಆತಲ್ಲ ಬಿಡು” ಅಂದೆ. “ಹಲಗಿನ ಹೋತು.”

“ಹಲಗಿ ಯಾಕ ಹೋಗತೈತಿ? ಮನ್ಯಾಗ ಒಂದ ಪ್ಲಗ್ ಸುಟ್ರ ಮನಿ ಕೆಡವತಾರೇನು? ಬ್ಯಾರೆ ಪ್ಲಗ್ಗಿನಿಂದ ಕರೆಂಟ್ ತಗೋತಾರ. ಇದರಾಗ ಎಲ್ಲಿಂದ ಬರತೈತಿ ಕರೆಂಟು?”

ಮೇಲಿನ ಮೂಲೆಯಲ್ಲಿ ಕಬ್ಬಿಣದ ಡಬ್ಬಿಯೊಂದಿದೆ. ಮನೆಯ ಕರೆಂಟನ್ನು ಇಳಿಸಿ ಒಳಗೆಲ್ಲ ಹಂಚುವುದು ಅದೇ. ಅದರಿಂದ ಬಂದ ತಂತಿಗಳ ಜಡೆಯಲ್ಲಿ ಒಂದು ದಪ್ಪ ಪ್ಲಗ್ಗು ಯಾವುದಕ್ಕೂ ಕೂಡದೆ ಜೋತಾಡುತ್ತಿತ್ತು. ಅದರಲ್ಲಿ ನಾಲ್ಕು ತಂತಿ: ಹಳದಿ, ಕಪ್ಪು, ಕಪ್ಪು, ಕೆಂಪು. ಫ್ಯಾನಿನ ಕೆಂಪನ್ನು ಅದರ ಕೆಂಪಿಗೆ, ಕಪ್ಪನ್ನು ಕಪ್ಪಿಗೆ ತಾಗಿಸಿ ನೋಡಿದೆವು. ಫ್ಯಾನು ನಡುಗಿತು, ತಿರುಗಲಿಲ್ಲ. ಹಮೀದಾಬಿ ಬೆರಳಿನಿಂದ ತಳ್ಳಿದಾಗ ನಿಧಾನವಾಗಿ ತಿರುಗತೊಡಗಿತು.

“ನನ್ನಂಗ ಆಗೈತಿ” ಅಂದರು ನಜೀರಸಾಬರು. “ಯಾರರ ದಬ್ಬಿದ್ರ ಏಳತೈತಿ.”

ಹಮೀದಾಬಿ ಆಗಲೇ ಮೀಟರು ಎತ್ತಿಕೊಂಡಿದ್ದರು. ಆ ಕೆಂಪು ತಂತಿಯಲ್ಲಿ ಇದ್ದದ್ದು ಐದೇ ವೋಲ್ಟು. ಹಳದಿಯಲ್ಲಿ ಹನ್ನೊಂದು ಪಾಯಿಂಟ್ ಒಂಬತ್ತು. ಅಂದರೆ ಫ್ಯಾನಿನ ಕೆಂಪು ಬೇರೆ, ಡಬ್ಬಿಯ ಕೆಂಪು ಬೇರೆ. ಡಬ್ಬಿಯಲ್ಲಿ ಹನ್ನೆರಡು ವೋಲ್ಟು ಹೊತ್ತದ್ದು ಹಳದಿ. ಬಣ್ಣವನ್ನೇ ನಂಬಿ ಬಿಟ್ಟಿದ್ದರೆ ನಾವು ಫ್ಯಾನೇ ಕೆಟ್ಟಿದೆ ಎಂದು ಎಸೆದುಬಿಡುತ್ತಿದ್ದೆವು. ಕಂಪ್ಯೂಟರು ಆರಿಸಿ, ಫ್ಯಾನಿನ ಕೆಂಪನ್ನು ಡಬ್ಬಿಯ ಹಳದಿಗೆ, ಕಪ್ಪನ್ನು ಕಪ್ಪಿಗೆ ಬೆಸೆದು, ಮೇಲೆ ಮೋಟರಿನ ತಂತಿಗೆ ಹಾಕುವ ನಳಿಕೆಯ ತುಂಡು ತೊಡಿಸಿದರು. ಒತ್ತಿದಾಗ ಫ್ಯಾನು ತಾನಾಗಿಯೇ ಎದ್ದು ಓಡಿತು.

ಆದರೆ ಕಂಪ್ಯೂಟರು ತಾನಾಗಿ ಮುಂದೆ ಹೋಗಲಿಲ್ಲ. ಕರಿ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಬಂದು ನಿಂತಿತು, ನಿನ್ನೆ ಸಂಜೆ ಫ್ಯಾನು ಸತ್ತಿದ್ದಾಗ ನಾನು ಪ್ರತಿ ಸಲ ಒಂದು ಗುಂಡಿ ಒತ್ತಿ ದಾಟಿಸಿದ್ದ ಸಾಲೇ. ಓದಿ ಹೇಳಿದೆ. “ಹಿಂದಿನ ಫ್ಯಾನ್ ತಿರಗಾಕತ್ತಿಲ್ಲ ಅಂತೈತಿ, ಚಾಚಿ.”

“ಕಣ್ಣಿಲ್ಲೇನ ಅದಕ್ಕ? ಗರಗರ ತಿರಗಾಕತ್ತೈತಿ.”

“ನಮಗ ಕಾಣತೈತಿ. ಅದಕ್ಕ ಹ್ಯಾಂಗ ಕಾಣಬೇಕು?”

ನಾನು ಸುಮ್ಮನೆ ಅಂದ ಮಾತು. ಹಮೀದಾಬಿ ತೂಗಾಡುತ್ತಿದ್ದ ಹಳದಿ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ನಿಂತರು. ಆಮೇಲೆ ಒಂದೊಂದೇ ಮಾತು ಜೋಡಿಸಿದರು. “ಓಡಾಕ ಎರಡ ಸಾಕು. ಹಲಗಿಗೆ ಮೂರ ಬೇಕು. ಎರಡ ಕೊಟ್ಟು ಅದು ಒಂದ ಇಸಗೊಂತಿತ್ತು. ಇದು ಕರೆಂಟ್ ಒಯ್ಯೂ ತಂತಿ ಅಲ್ಲ, ಸುದ್ದಿ ಒಯ್ಯೂ ತಂತಿ.”

ಕಂಪ್ಯೂಟರು ಆರಿಸಿ, ಹಳದಿ ತಂತಿಯೊಂದನ್ನೇ ಬಿಳಿ ಪ್ಲಗ್ಗಿನ ಮೂರನೆಯ ತೂತಿನಲ್ಲಿ ಉಳಿಸಿ, ಹಲಗೆಯ ಕಡ್ಡಿಗಳ ಮೇಲೆ ಕೂಡಿಸಿದರು. ಒತ್ತಿದೆ. ಬಿಳಿ ಸಾಲು ಬರಲಿಲ್ಲ. ಹಾಲಿನ ಲೆಕ್ಕದ ಪರದೆ ಬಂತು. ಕಾಡವ್ವ ಕ್ಯಾನಿನ ಮೇಲಿಂದಲೇ ಕತ್ತು ಚಾಚಿ, “ಹತ್ತಿತೇನ?” ಅಂದಳು.

“ಹತ್ತೈತಿ. ಇನ್ನೂ ಮುಗಿದಿಲ್ಲ” ಅಂದರು ಹಮೀದಾಬಿ.

ಮುಗಿಯದೆ ಉಳಿದದ್ದು ಗಾಳಿಯ ದಿಕ್ಕು. ಗಾಳಿ ಇನ್ನೂ ಹೊರಗೇ ಬೀಸುತ್ತಿತ್ತು, ಅವರ ಮನಸ್ಸು ಅದನ್ನು ಒಪ್ಪಿರಲಿಲ್ಲ. ಈ ಸಲ ತಂತಿಗೆ ಕೈ ಹಚ್ಚಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನನ್ನೇ ಹಿಂದು ಮುಂದು ಮಾಡಿ ಕೂಡಿಸಿದರು. ಈಗ ಗಾಳಿ ಒಳಕ್ಕೆ. ಒಳಗಿನ ಕಾವು ಎಷ್ಟೆಂದು ಕಂಪ್ಯೂಟರೇ ಒಂದು ಪರದೆಯಲ್ಲಿ ತೋರಿಸುತ್ತದೆ. ತಗಡು ಮುಚ್ಚಿ ಅರ್ಧ ಗಂಟೆ ಬಿಟ್ಟು ನೋಡಿದೆ: ಎಪ್ಪತ್ತೊಂದು ಡಿಗ್ರಿ. ಮೊದಲಿನಂತೆ ತಿರುಗಿಸಿ, ಆರಲು ಬಿಟ್ಟು, ಮತ್ತೆ ಅರ್ಧ ಗಂಟೆ: ಅರವತ್ತಮೂರು.

“ಒಂದ ಸಲ ನೋಡಿದ್ದು ಲೆಕ್ಕಕ್ಕಿಲ್ಲ” ಎಂದು ಇನ್ನೊಮ್ಮೆ ಮಾಡಿಸಿದರು. ಎಪ್ಪತ್ತು, ಅರವತ್ತಮೂರು. ಆಮೇಲೆ ನನ್ನಿಂದ ಒಂದು ಊದುಬತ್ತಿ ಕೇಳಿ ಮುಂಬದಿಯ ಜಾಳಿಗೆಯ ಹತ್ತಿರ ಹಿಡಿದರು. ಹೊಗೆ ಒಳಗೆ ಎಳೆದುಕೊಂಡು ಹೋಗಿ ಹಿಂದೆ ಬಂತು.

“ಹೌದಲ್ಲ. ಹಿಂದಿಂದು ಹೊರಗ ಹಾಕಿದ್ದಕ್ಕ ಮುಂದಿಂದು ಒಳಗ ಬರಾಕತ್ತೈತಿ. ಅದು ಸರೀನ ತಿರಗ್ತಿತ್ತು. ಉಲ್ಟಾ ಇದ್ದಾಕಿ ನಾ.”

ಊದುಬತ್ತಿ ಇನ್ನೊಂದು ಸಂಗತಿಯನ್ನೂ ತೋರಿಸಿತು. ಗಾಳಿ ಒಳಗೆ ಹೋಗುವ ಜಾಳಿಗೆ ಬೂಸಾದ ಚೀಲಗಳಿಂದ ಒಂದು ಗೇಣು ದೂರವಿತ್ತು. ನಜೀರಸಾಬರು ಸೊಂಟ ಹಿಡಿದುಕೊಂಡೇ ದಾರಿ ತೋರಿಸಿದರು, ನಾನೂ ಕಾಡವ್ವನೂ ಚೀಲಗಳನ್ನು ಆಚೆ ಗೋಡೆಗೆ ಎಳೆದೆವು. ಕಂಪ್ಯೂಟರನ್ನು ಎತ್ತರದ ಕಟ್ಟೆಯ ಮೇಲಿಟ್ಟು, ಹಾಲು ಸೋಸುವ ತೆಳು ಬಟ್ಟೆಯ ಒಂದು ತುಂಡನ್ನು ಜಾಳಿಗೆಗೆ ಕಟ್ಟಿದೆವು. ದಿನಾ ಸಂಜೆ ಬಿಚ್ಚಿ ಝಾಡಿಸಬೇಕೆಂದು ಹಮೀದಾಬಿ ನನ್ನಿಂದ ಮಾತು ತೆಗೆದುಕೊಂಡರು. ಆ ಸಂಜೆ ಕಂಪ್ಯೂಟರು ನಿಲ್ಲಲಿಲ್ಲ. ಆದರೆ ಅಂದು ಮೋಡ ಕವಿದಿತ್ತು, ಸೆಕೆ ಕಡಿಮೆ. ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗುರುವಾರ ಮೋಡ ಇರಲಿಲ್ಲ. ಸಂಜೆ ಐದಕ್ಕೆ ಕೋಣೆಯ ಒಳಗೆ ಮೂವತ್ತೊಂಬತ್ತು ಡಿಗ್ರಿ. ಸಮೀರ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಎದುರೇ ಕೂತು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಹಮೀದಾಬಿ ಒಂದು ಚೀಲದ ಮೇಲೆ ಕೂತರು, ಮೀಟರು ಮಡಿಲಲ್ಲಿ. ಐದು ಮೂವತ್ತೆರಡಕ್ಕೆ ಮೊದಲ ಹಾಲು ಸುರಿಯಿತು.

ಆರೂ ಐದಕ್ಕೆ ಕರೆಂಟು ಹೋಯಿತು. ಯುಪಿಎಸ್ ಕಿರುಚತೊಡಗಿತು. ಹಿಂಬದಿಯ ಫ್ಯಾನಿಗೆ ಕಂಪ್ಯೂಟರಿನ ಡಬ್ಬಿಯಿಂದಲೇ ಕರೆಂಟು ಇದ್ದುದರಿಂದ ಅದು ಓಡುತ್ತಲೇ ಇತ್ತು. ಆದರೂ ಹಮೀದಾಬಿ ಎದ್ದು ಹೋಗಿ ಹಿಂದೆ ಅಂಗೈ ಹಿಡಿದು ಬಂದರು. ಸಮೀರ ಅದನ್ನು ನೋಡಿದರು.

ಆರೂ ಹತ್ತು ದಾಟುತ್ತಿದ್ದಂತೆ ಸಾಲಿನಲ್ಲಿ ಮಾತು ನಿಂತಿತು. ನಲವತ್ತೊಂದನೆಯ ನಿಮಿಷ ಎಲ್ಲರಿಗೂ ಗೊತ್ತಿತ್ತು. ಕ್ಯಾನಿನ ಮುಚ್ಚಳ ತೆಗೆಯುವ ಸದ್ದು, ಹಾಲು ಬೀಳುವ ಸದ್ದು, ಚೀಟಿ ಹರಿಯುವ ಸದ್ದು ಮಾತ್ರ.

“ಯಾರೂ ಕೆಮ್ಮಬ್ಯಾಡ್ರೆವಾ” ಅಂದಳು ಹಿಂದಿನಿಂದ ಕಾಡವ್ವ. ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಆರೂ ಹದಿಮೂರು ದಾಟಿತು. ಆರೂ ಇಪ್ಪತ್ತಾಯಿತು. ಆರೂವರೆಗೆ ಕರೆಂಟು ಬಂದು ಯುಪಿಎಸ್ ಬಾಯಿ ಮುಚ್ಚಿತು. ಏಳೂ ಹದಿನೆಂಟಕ್ಕೆ, ಬೇಕೆಂದೇ ಎಲ್ಲರಿಗಿಂತ ಹಿಂದೆ ನಿಂತಿದ್ದ ಕಾ‌ಡವ್ವ ತನ್ನ ಹಾಲು ಸುರಿದಳು. ಚೀಟಿ ಬಂತು. ಒಂದು ತಾಸು ನಲವತ್ತಾರು ನಿಮಿಷ. ಒಮ್ಮೆಯೂ ನಿಂತಿರಲಿಲ್ಲ. ಕಾವು ಅರವತ್ತೆಂಟು.

ಸಮೀರ ಗಡಿಯಾರ ಕಟ್ಟಿಕೊಂಡು ಭೇಟಿ ಪುಸ್ತಕ ತೆರೆದರು. “ಯಾವ ಇಂಜಿನಿಯರ್ ಬಂದಿದ್ರು?”

“ಅಲ್ಲೇ ಕುಂತಾರಲ್ಲರಿ, ಸರ್” ಅಂದೆ. “ಯರಗಟ್ಟಿಯ ಹಮೀದಾಬಿ. ಮೋಟರ್ ವೈಂಡಿಂಗ್ ಮಾಡತಾರ.”

ಅವರು ಹಮೀದಾಬಿಯವರನ್ನೂ ಅವರ ಮಡಿಲಿನ ಮೀಟರನ್ನೂ ನೋಡಿದರು. “ಫ್ಯಾನ್ ರಿಪೇರಿ ಆತು ಅಂತ ಬರೀತೇನಿ.”

“ಅಷ್ಟ ಬರದ್ರ ಸಾಲೂದಿಲ್ಲರಿ” ಅಂದರು ಹಮೀದಾಬಿ. “ಹಲಗಿ ಮ್ಯಾಲಿನ ಫ್ಯಾನಿನ ಕಡ್ಡಿ ಸುಟ್ಟೈತಿ ಅಂತ ಬರೀರಿ. ಡಬ್ಬಿಯ ತಂತಿಯಿಂದ ಕರೆಂಟ್ ಕೊಟ್ಟೈತಿ ಅಂತನೂ ಬರೀರಿ.”

ಸಮೀರ ಪೆನ್ನು ಎತ್ತಿದರು. “ಬಾಯಿ, ಕಡ್ಡಿ ಸುಟ್ಟದ ಅಂತ ಬರದ್ರ ಮ್ಯಾಲಿನವರು ಯಾರ ಸುಟ್ರು ಅಂತ ಕೇಳತಾರ. ಮಿಶನ್ ಒಕ್ಕೂಟದ್ದು. ಈಗ ನಡದದ, ಸುಮ್ನ ಇರ್ರಿ.”

“ಕೇಳಲಿ. ನನ್ನ ಹೆಸರ ಬರೀರಿ, ನಾ ಸುಟ್ಟೇನಿ. ನಾಳೆ ನಿಮ್ಮ ಕಡಿಯವರ ಯಾರರ ಬಂದು, ಹೊಸಾ ಫ್ಯಾನ್ ತಂದು ಅದ ಕಡ್ಡಿಗೆ ಹಚ್ಚತಾರ. ತಿರಗೂದಿಲ್ಲ. ಇನ್ನೊಂದ ತರತಾರ. ಅದೂ ತಿರಗೂದಿಲ್ಲ. ಆಮ್ಯಾಲ ಮಿಶನ್ನ ಹೋಗೈತಿ ಅಂತ ಹೊತ್ಕೊಂಡ ಹೋಗತಾರ. ಆವಾಗ ಇವರ ಹಾಲ ಎಲ್ಲಿಗೆ ಒಯ್ಯೂದು?”

ನಾನು ಸಮೀರರ ಪೆನ್ನನ್ನೇ ನೋಡುತ್ತಿದ್ದೆ. ಆ ಒಂದು ಸಾಲಿನಿಂದ ಸೆಂಟರು ಹೋಗಲೂಬಹುದಿತ್ತು ಎಂಬುದು ನನಗೆ ಗೊತ್ತಿತ್ತು. ಹಮೀದಾಬಿಯವರಿಗೂ ಗೊತ್ತಿತ್ತು.

“ನಂದೂ ಹೆಸರ ಬರೀರಿ, ಸರ್” ಅಂದೆ. “ಅವರ ಕೇಳಿದಾಗ ಹೂಂ ಅಂದಾಕಿ ನಾ.”

ಸಮೀರ ಇಬ್ಬರನ್ನೂ ಒಂದು ಸಲ ನೋಡಿ ಬರೆಯತೊಡಗಿದರು. ಬರೆದು ಮುಗಿಸಿ ಓದಿದರು: “ಹಿಂಬದಿಯ ಫ್ಯಾನಿಗೆ ಹಲಗೆಯಿಂದ ವಿದ್ಯುತ್ ಬರುವ ಕಡ್ಡಿ ಪರೀಕ್ಷೆಯ ಸಮಯದಲ್ಲಿ ಹಾನಿಯಾಗಿದೆ. ಫ್ಯಾನಿನ ಕೆಂಪು ತಂತಿಯನ್ನು ವಿದ್ಯುತ್ ಡಬ್ಬಿಯ ಕೆಂಪು ತಂತಿಗೆ...”

“ಹಳದಿಗೆ” ಅಂದರು ಹಮೀದಾಬಿ. “ಕೆಂಪಿಗಲ್ಲ. ಕೆಂಪಿಗೆ ಕೊಟ್ರ ಏಳೂದಿಲ್ಲ.”

ಅವರು ಹೊಡೆದು ತಿದ್ದಿದರು. “... ಹಳದಿ ತಂತಿಗೆ ಜೋಡಿಸಲಾಗಿದೆ. ಮೂರನೆಯ ತಂತಿ ಹಲಗೆಯಲ್ಲಿಯೇ ಇದೆ. ಕೆಲಸ ಮಾಡಿದವರು ಹಮೀದಾಬಿ, ಯರಗಟ್ಟಿ, ಕಾರ್ಯದರ್ಶಿಯ ಒಪ್ಪಿಗೆಯಿಂದ. ನೂರ ಹದಿನೆಂಟು ಸದಸ್ಯರ ಹಾಲು ಅಡಚಣೆಯಿಲ್ಲದೆ ಸ್ವೀಕರಿಸಲಾಯಿತು. ಕೇಂದ್ರ ಇಲ್ಲಿಯೇ ಮುಂದುವರಿಯಬಹುದು.”

ಸಹಿ ಹಾಕಿ ಪುಸ್ತಕ ಮುಚ್ಚಲು ಹೋದರು. ಕಾಡವ್ವ ಖಾಲಿ ಕ್ಯಾನನ್ನು ಅವರ ಮೇಜಿನ ಮೇಲೇ ಇಟ್ಟಳು.

“ಸಾಹೇಬ್ರ, ಕಡೀದ ಇನ್ನೊಮ್ಮೆ ಓದ್ರಿ.”

“ಕೇಂದ್ರ ಇಲ್ಲಿಯೇ ಮುಂದುವರಿಯಬಹುದು.”

“ಜೋರಾಗಿ ಓದ್ರಿ. ಹೊರಗ ನಿಂತಾವ್ರಿಗೆ ಕೇಳಸಂಗಿಲ್ಲ.”

ಸಮೀರ ಎದ್ದು ನಿಂತು, ಬಾಗಿಲಿನ ಕಡೆ ತಿರುಗಿ, ಆ ಸಾಲನ್ನು ಇನ್ನೊಮ್ಮೆ ಓದಿದರು.